ಬಳ್ಳಾರಿ ಸೀಮೆಯಲ್ಲಿ ದೇಹತೂಕ, ಆರೋಗ್ಯ ಮತ್ತು ಆಹಾರ ಸಲಹೆ

ಮೂಳೆ, ಸ್ನಾಯು, ಕೊಬ್ಬು, ನೀರು ಎಲ್ಲ ಸೇರಿದ ಒಟ್ಟು ಭಾರವೇ ದೇಹತೂಕ. ತೂಕದ ಯಂತ್ರ ಈ ಮೊತ್ತವನ್ನಷ್ಟೇ ತೋರಿಸುತ್ತದೆ. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಕೊಬ್ಬು ಸೇರಿರುವುದು ಹೊಟ್ಟೆಯಲ್ಲೋ ತೊಡೆಯಲ್ಲೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆರೋಗ್ಯಕ್ಕೆ ಮುಖ್ಯವಾದದ್ದು ಆ ಮಾಹಿತಿಯೇ.

ಬಳ್ಳಾರಿ ನಗರ, ಅದರ ಸಮೀಪದ ಹಲಕುಂದಿ, ಕಾಲುವೆ ನೀರು ಕಂಡ ಕುರುಗೋಡು ಮತ್ತು ಸಿರುಗುಪ್ಪ ಸೀಮೆಯಲ್ಲಿ ತೂಕದ ಸಮಸ್ಯೆ ಎಂದರೆ ಬೊಜ್ಜು ಮಾತ್ರವಲ್ಲ. ಅಜ್ಜನಿಗೆ ಶುಗರ್, ಸೊಸೆಗೆ ರಕ್ತಹೀನತೆ, ಮೊಮ್ಮಗುವಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ: ಈ ಮೂರೂ ಒಂದೇ ಸೂರಿನಡಿ ಇರಬಹುದು. ಸಲಹೆಗಳು ಮಾತ್ರ ಎಲ್ಲರಿಗೂ ಒಂದೇ ಬಗೆಯಲ್ಲಿ ಹರಿದುಬರುತ್ತವೆ. "ಅನ್ನ ಬಿಡ್ರಿ, ರೊಟ್ಟಿ ತಿನ್ರಿ", "ಎಣ್ಣಿ ಮುಟ್ಟಬ್ಯಾಡ್ರಿ", "ಮೊಟ್ಟಿ ಹಳದಿ ತಗದು ತಿನ್ರಿ." ಇವುಗಳಲ್ಲಿ ಯಾವುದನ್ನೂ ಪೂರ್ತಿ ಸರಿ ಎಂದೋ ಪೂರ್ತಿ ತಪ್ಪು ಎಂದೋ ಹೇಳುವಂತಿಲ್ಲ. ಸಲಹೆ ಯಾರಿಗೆ, ಎಷ್ಟು ಪ್ರಮಾಣದಲ್ಲಿ, ಯಾವುದರ ಬದಲಿಗೆ ಎಂಬುದು ತಿಳಿದಾಗಲೇ ಅದನ್ನು ತೂಗಿ ನೋಡಲು ಸಾಧ್ಯ.

ಅಳತೆಗಳು

ತೂಕವನ್ನು ಎತ್ತರದೊಂದಿಗೆ ಕೂಡಿಸಿ ನೋಡುವ ಸೂತ್ರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಬೆಲ್ಜಿಯಂನ ಖಗೋಳ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 19ನೆಯ ಶತಮಾನದ ಮೊದಲ ಭಾಗದಲ್ಲಿ ಜನಸಮುದಾಯದ ಸರಾಸರಿಗಳನ್ನು ಅಭ್ಯಸಿಸುತ್ತಿದ್ದರು. ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಹೊಂದಿಕೊಂಡು ಏರುವುದನ್ನು ಅವರು ಆಗ ಗುರುತಿಸಿದರು. ಈ ಲೆಕ್ಕಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರ ಪ್ರಬಂಧದಿಂದ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಲ್ಲಿ 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, 25 ಮುಟ್ಟಿದರೆ ಹೆಚ್ಚು ತೂಕ, 30 ಮುಟ್ಟಿದರೆ ಬೊಜ್ಜು. ಏಷ್ಯಾದ ಜನರಲ್ಲಿ ಇದಕ್ಕಿಂತ ಕಡಿಮೆ ಬಿಎಂಐ ಇದ್ದಾಗಲೇ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಏರುವುದು ಕಂಡುಬಂದಿತು. ಹಾಗಾಗಿ ಅದೇ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ 23 ಮತ್ತು 27.5 ಎಂಬ ಹೆಚ್ಚುವರಿ ಗಡಿಗಳನ್ನು ಸೂಚಿಸಿತು. ಭಾರತದ ವೈದ್ಯರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿಯಲ್ಲಿ 23ಕ್ಕೆ ಹೆಚ್ಚು ತೂಕ, 25ಕ್ಕೆ ಬೊಜ್ಜು ಎಂದಾಯಿತು. 165 ಸೆಂಟಿಮೀಟರ್ ಎತ್ತರದವರಿಗೆ ಈ ಲೆಕ್ಕ ಹೀಗೆ ಬರುತ್ತದೆ: 50 ಕಿಲೋಗಿಂತ ಇಳಿದರೆ ಕಡಿಮೆ ತೂಕ, 63 ಕಿಲೋ ಹತ್ತಿರ ಎಚ್ಚರಿಕೆಯ ಗಡಿ, 68 ದಾಟಿದರೆ ಭಾರತೀಯ ಲೆಕ್ಕದಲ್ಲಿ ಬೊಜ್ಜು. ಅದೇ ವ್ಯಕ್ತಿಗೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಬೊಜ್ಜು ಎನ್ನಿಸಿಕೊಳ್ಳಲು ಸುಮಾರು 82 ಕಿಲೋ ಬೇಕು.

ಹೊಟ್ಟೆಯ ಕೊಬ್ಬನ್ನು ಅಂದಾಜಿಸಲು ಬಟ್ಟೆ ಹೊಲಿಯುವವರ ಟೇಪು ಸಾಕು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟಾಗ ಅಳತೆ ತೆಗೆಯಬೇಕು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಇನ್ನೂ ಸುಲಭದ ಲೆಕ್ಕವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಮುಂದಿಟ್ಟಿತು. ಲಾನ್ಸೆಟ್ ಪತ್ರಿಕೆಯ ಬಳಗ ನೇಮಿಸಿದ ಅಂತರರಾಷ್ಟ್ರೀಯ ಆಯೋಗ 2025ರ ಜನವರಿಯಲ್ಲಿ, ಬಿಎಂಐ ಒಂದನ್ನೇ ನಂಬಿ ಬೊಜ್ಜನ್ನು ನಿರ್ಧರಿಸಬಾರದು ಎಂದಿತು. ಕೊಬ್ಬಿನಿಂದ ಅಂಗಾಂಗಗಳಿಗೆ ಈಗಾಗಲೇ ತೊಂದರೆಯಾಗಿದೆಯೇ ಎಂಬುದರ ಮೇಲೆ ಬೊಜ್ಜನ್ನು ಎರಡು ಹಂತಗಳಾಗಿ ಬೇರ್ಪಡಿಸಬೇಕು ಎಂಬುದು ಅದರ ಸಲಹೆ.

ತೆಳ್ಳಗಿದ್ದೂ ಕೊಬ್ಬು

2004ರಲ್ಲಿ ಲಾನ್ಸೆಟ್‌ನಲ್ಲಿ ಇಬ್ಬರು ಸಂಶೋಧಕರ ಚಿತ್ರ ಪ್ರಕಟವಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ಭಾರತೀಯರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ಈ ಗುಣ ಹುಟ್ಟಿನಿಂದಲೇ ಬರುತ್ತದೆ ಎಂಬುದನ್ನು ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳ ಅಧ್ಯಯನ ತೋರಿಸಿತ್ತು. ಅಲ್ಲಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಬಹಳ ಹಗುರವಾಗಿದ್ದರೂ ಅವರ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ.

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಲಾಯಿತು. 45 ದಾಟಿದವರಲ್ಲಿ, ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಸುಮಾರು 3.2 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಅದು ಶೇ. 3 ಮಾತ್ರ. ಈ ವರದಿ ಬಂದದ್ದು 1996ರಲ್ಲಿ. ಮರುವರ್ಷ ಅದೇ ಆಸ್ಪತ್ರೆಯಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಇನ್ನೊಂದು ತುದಿಯನ್ನು ನೋಡಿತು. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಬಂದಿದ್ದರೆ, ಆ ಮಕ್ಕಳು ಬೆಳೆಯುತ್ತ ಬಂದಂತೆ ಅವರಲ್ಲಿ ಕೊಬ್ಬೂ ಇನ್ಸುಲಿನ್ ಪ್ರಮಾಣವೂ ಹೆಚ್ಚಾಗಿ ಕಂಡವು. ಅಂದರೆ ಮುಂದಿನ ತಲೆಮಾರಿನ ಶುಗರ್ ತಡೆಯುವ ಕೆಲಸ ಬಸುರಿಯ ಊಟ ಮತ್ತು ರಕ್ತಪರೀಕ್ಷೆಯಿಂದಲೇ ಶುರುವಾಗಬೇಕು.

ಬರಗಾಲದ ಪಡಿ

ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಬೇಕು ಎಂಬ ಪ್ರಶ್ನೆ ಬಳ್ಳಾರಿಯಲ್ಲಿ ಒಮ್ಮೆ ಸಾವು ಬದುಕಿನ ಪ್ರಶ್ನೆಯಾಗಿತ್ತು. 1876-78ರ ಮಹಾಕ್ಷಾಮದಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. ಖರ್ಚು ತಗ್ಗಿಸಲೆಂದು ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕು ಎಂದು ಗೊತ್ತುಮಾಡಿದರು. ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ವಿಲಿಯಂ ಕಾರ್ನಿಶ್ ಅದನ್ನು ಕಟುವಾಗಿ ವಿರೋಧಿಸಿದರು. ಮೈಮುರಿದು ದುಡಿಯುವವರಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ತರಕಾರಿ ಮತ್ತು ಪ್ರೋಟೀನ್ ಇರುವ ಪದಾರ್ಥ ಬೇಕು ಎಂಬುದು ಅವರ ವಾದ. 1877ರ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಪಡಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ, ಸುಮಾರು 43 ಗ್ರಾಂ ಬೇಳೆ ಸೇರಿಸಿತು.

ಇಂದಿನ ಆಹಾರ ಕೋಷ್ಟಕದಿಂದ ನೋಡಿದರೆ 450 ಗ್ರಾಂ ಜೋಳದಲ್ಲಿ ಸುಮಾರು 1,500 ಕ್ಯಾಲೊರಿ ಇದೆ. 2020ರ ರಾಷ್ಟ್ರೀಯ ಶಿಫಾರಸು 65 ಕಿಲೋ ತೂಕದ ಗಂಡಸಿನ ಕಠಿಣ ದುಡಿಮೆಗೆ 3,470 ಕ್ಯಾಲೊರಿ ಬೇಕೆನ್ನುತ್ತದೆ. ಕಾರ್ನಿಶ್ ಎತ್ತಿದ ಮಾತು ಇಂದಿಗೂ ಸಲ್ಲುತ್ತದೆ. ಅದೇ ಶಿಫಾರಸಿನಂತೆ 55 ಕಿಲೋ ತೂಕದ ಹೆಂಗಸಿಗೆ ಕುಳಿತು ಮಾಡುವ ಕೆಲಸಕ್ಕೆ 1,660, ಕಠಿಣ ದುಡಿಮೆಗೆ 2,720 ಕ್ಯಾಲೊರಿ. ಸಿರುಗುಪ್ಪದ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವಾಕೆಗೂ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವಾಕೆಗೂ ಒಂದೇ ಊಟದ ಪಟ್ಟಿ ಹೊಂದುವುದಿಲ್ಲ.

ಜೋಳದಿಂದ ಅಕ್ಕಿಗೆ

ಎರೆ ಹೊಲದ ಹಿಂಗಾರಿ ಜೋಳ, ಅದರ ಜೊತೆ ಸಜ್ಜೆ ಮತ್ತು ನವಣೆ ಈ ಸೀಮೆಯ ಹಳೆಯ ಆಹಾರ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಹರಿದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಗದ್ದೆಯ ಹಿಂದೆಯೇ ರೈಸ್ ಮಿಲ್ಲುಗಳೂ ಬಂದವು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಬಿಳಿ ಅನ್ನ ದಿನದ ಊಟವಾಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಬಡವರ ಮನೆಯ ಹಸಿವನ್ನು ನೀಗಿಸಿತು. ಇದನ್ನು ಸಣ್ಣ ವಿಷಯ ಎನ್ನುವವರು ಬರಗಾಲದ ಬಳ್ಳಾರಿಯನ್ನು ಮರೆತವರು.

ಹಾಗಾದರೆ ಅನ್ನ ಬಿಟ್ಟು ರೊಟ್ಟಿಗೆ ಮರಳಿದರೆ ತೂಕ ಇಳಿಯುವುದೇ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ 334 ಕ್ಯಾಲೊರಿ, ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 356 ಕ್ಯಾಲೊರಿ, 8 ಗ್ರಾಂ ಪ್ರೋಟೀನ್, 3 ಗ್ರಾಂಗಿಂತ ಕಡಿಮೆ ನಾರು. ನಾರಿನಲ್ಲಿ ಜೋಳ ಬಹಳ ಮುಂದಿದೆ. ಕ್ಯಾಲೊರಿಯಲ್ಲಿ ವ್ಯತ್ಯಾಸ ಅಲ್ಪ. ಎರಡು ರೊಟ್ಟಿಯಿಂದ ಹೊಟ್ಟೆ ತುಂಬಿ ಅನ್ನ ಕಡಿಮೆಯಾದರೆ ಲಾಭ ಉಂಟು. ಅನ್ನ ಅಷ್ಟೇ ಉಳಿದು ಅದರ ಮೇಲೆ ಎರಡು ರೊಟ್ಟಿ ಸೇರಿದರೆ ತೂಕ ಏರುತ್ತದೆ.

ಜೋಳವೊಂದನ್ನೇ ನಂಬಿದ್ದ ಕಾಲಕ್ಕೂ ತನ್ನದೇ ಕಾಯಿಲೆಗಳಿದ್ದವು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಒಡೆಯುವ, ಭೇದಿ ಮತ್ತು ಮನಸ್ಸಿನ ತೊಂದರೆ ತರುವ ಪೆಲಾಗ್ರ ರೋಗ ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಕಾಣುತ್ತಿತ್ತು. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಯ್ಯ 1960ರಲ್ಲಿ ಇದರ ಬಗ್ಗೆ ಬರೆದು, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆ ಬೆರಳು ತೋರಿದರು. ರೊಟ್ಟಿಯ ಜೊತೆ ಬೇಳೆ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದ ಮನೆಗೆ ಆ ಭಯವಿರಲಿಲ್ಲ. ರೊಟ್ಟಿ ಊಟವನ್ನು ಹೊಗಳುವಾಗ ನೆನಪಿಡಬೇಕಾದ್ದು ಆ ಇಡೀ ತಟ್ಟೆಯನ್ನು.

2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಆಹಾರ ಅಧ್ಯಯನ ಇದನ್ನೇ ರಾಷ್ಟ್ರಮಟ್ಟದಲ್ಲಿ ಕಂಡಿತು. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಭಾಗ ಅಕ್ಕಿ, ಗೋಧಿಹಿಟ್ಟು, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥಗಳಿಂದ ಬರುತ್ತದೆ. ಪ್ರೋಟೀನಿನಿಂದ ಬರುವುದು ಸುಮಾರು ಶೇ. 12. ಶರ್ಕರಪಿಷ್ಟದ ಒಟ್ಟು ಪ್ರಮಾಣ ಇಳಿಸದೆ ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ತಗ್ಗಿದ್ದು ಕಾಣಲಿಲ್ಲ. ಶರ್ಕರಪಿಷ್ಟದ ಒಂದು ಪಾಲಿನ ಜಾಗವನ್ನು ಬೇಳೆಕಾಳು, ಹಾಲು, ಮೊಟ್ಟೆ, ಮೀನಿನಂಥ ಪ್ರೋಟೀನ್ ತುಂಬಿದಾಗ ಅಪಾಯ ಕಡಿಮೆ ಇತ್ತು.

ಎರಡು ತುದಿಯ ಅಪಾಯ

ಹೆಚ್ಚುವರಿ ಕ್ಯಾಲೊರಿ ಮೊದಲು ಚರ್ಮದಡಿಯ ಕೊಬ್ಬಿನ ಕೋಶಗಳಲ್ಲಿ ಸೇರುತ್ತದೆ. ಅಲ್ಲಿ ಜಾಗ ಸಾಲದಾದಾಗ ಯಕೃತ್ತು, ಮೇದೋಜೀರಕ, ಸ್ನಾಯುಗಳಿಗೆ ನುಗ್ಗುತ್ತದೆ. ಆಗ ಇನ್ಸುಲಿನ್ ಕೆಲಸ ಕೆಡುತ್ತದೆ, ಸಕ್ಕರೆ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ, ಬಿಪಿ ಹೆಚ್ಚುತ್ತದೆ. ಮೊಣಕಾಲು ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೆಂಗಸರಲ್ಲಿ ಮುಟ್ಟಿನ ಏರುಪೇರು, ಕೆಲವು ಬಗೆಯ ಕ್ಯಾನ್ಸರ್ ಕೂಡ ಬೊಜ್ಜಿನೊಂದಿಗೆ ನಂಟುಳ್ಳವು. ಇಂಡಿಯಾಬ್ ತಂಡ 2023ರಲ್ಲಿ ಅಂದಾಜಿಸಿದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಿಎಂಐ ಲೆಕ್ಕದ ಬೊಜ್ಜು 25.4 ಕೋಟಿ ಜನರಲ್ಲಿದ್ದರೆ ಹೊಟ್ಟೆಯ ಬೊಜ್ಜು 35.1 ಕೋಟಿ ಜನರಲ್ಲಿದೆ. ಟೇಪು ಹಿಡಿಯುವ ಅಪಾಯವನ್ನು ತೂಕದ ಯಂತ್ರ ಬಿಟ್ಟುಬಿಡುತ್ತದೆ ಎಂಬುದಕ್ಕೆ ಈ ಅಂತರವೇ ಪುರಾವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ. 30 ಹೆಂಗಸರ ಬಿಎಂಐ 25 ಅಥವಾ ಹೆಚ್ಚು, ಸುಮಾರು ಶೇ. 17ರಷ್ಟು ಹೆಂಗಸರದು 18.5ಕ್ಕಿಂತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಕಡಿಮೆ ತೂಕದ್ದು. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ.

ಕಡಿಮೆ ತೂಕದ ಅಪಾಯ ಎಷ್ಟು ದೊಡ್ಡದು ಎಂಬುದನ್ನು ಕ್ಷಯರೋಗ ಹೇಳುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ 'ರೇಷನ್ಸ್' ಅಧ್ಯಯನದಲ್ಲಿ, ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಮತ್ತಿತರ ಆಹಾರದ ಪೊಟ್ಟಣ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದಂತೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ. 40 ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವೂ ಕಡಿಮೆಯಾಯಿತು. ಅವರ ಪಾಲಿಗೆ ತೂಕ ಏರುವುದೇ ಚಿಕಿತ್ಸೆಯ ಭಾಗ.

ಸಲಹೆಯನ್ನು ಓದುವ ಬಗೆ

ಪತ್ರಿಕೆಯಲ್ಲಿ "ಇದನ್ನು ತಿಂದರೆ ಅಪಾಯ ಶೇ. 20 ಹೆಚ್ಚು" ಎಂದು ಬಂದರೆ ಮೊದಲು ಕೇಳಬೇಕಾದ್ದು, ಯಾವುದರ ಶೇ. 20? ನೂರು ಜನರಲ್ಲಿ ಐವರಿಗೆ ಬರುತ್ತಿದ್ದ ಕಾಯಿಲೆ ಆರು ಜನರಿಗೆ ಬಂದರೂ ಅದು ಶೇ. 20 ಏರಿಕೆಯೇ. ಸಾವಿರದಲ್ಲಿ ಐವರ ಬದಲು ಆರು ಜನರಿಗೆ ಬಂದರೂ ಅಷ್ಟೇ. ಎರಡರ ತೂಕ ಬೇರೆ ಬೇರೆ.

ಎರಡನೆಯದು, ಸಾಕ್ಷ್ಯದ ಬಗೆ. ಬೆಳಿಗ್ಗೆ ಹಣ್ಣು ತಿನ್ನುವವರು ಆರೋಗ್ಯವಾಗಿದ್ದಾರೆ ಎಂದರೆ ಅದಕ್ಕೆ ಹಣ್ಣು ಕಾರಣವಿರಬಹುದು. ಹಣ್ಣು ಕೊಳ್ಳುವ ಅನುಕೂಲ, ನಡಿಗೆ, ಬೀಡಿ ಸೇದದಿರುವುದೂ ಕಾರಣವಿರಬಹುದು. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಕ್ಕೆ ಹೆಚ್ಚಿನ ಬೆಲೆ ಇರುವುದು ಈ ಗೊಂದಲವನ್ನು ಅದು ತಗ್ಗಿಸುವುದರಿಂದ.

ಮೂರನೆಯದು, ಹಣ ಯಾರದು? 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಾರ್ವರ್ಡ್ ಸಂಶೋಧಕರಿಗೆ ಹಣ ಕೊಟ್ಟು, ಹೃದ್ರೋಗದ ತಪ್ಪನ್ನು ಕೊಬ್ಬಿನ ಮೇಲೆ ಹೊರಿಸುವಂಥ ವಿಮರ್ಶೆ ಬರೆಸಿತ್ತು. ಹಳೆಯ ಪತ್ರಗಳಿಂದ ಇದು ಬಯಲಾದದ್ದು 2016ರಲ್ಲಿ. ಸಕ್ಕರೆ ನಿರಪರಾಧಿ ಎಂದು ಒಂದು ತಲೆಮಾರು ನಂಬಲು ಇಂಥ ಬರಹಗಳೂ ಕಾರಣ.

ಸಲಹೆ ಬದಲಾಗುವುದೇ ದೋಷವಲ್ಲ. ಆಹಾರದಲ್ಲಿನ ಕೊಲೆಸ್ಟರಾಲಿಗೆ ಅಮೆರಿಕದ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಮಿತಿ ಹಾಕಿತ್ತು. 2015ರಲ್ಲಿ ಆ ಅಂಕಿ ಕೈಬಿಟ್ಟಿತು. ರಕ್ತದ ಕೊಲೆಸ್ಟರಾಲ್ ಏರಿಸುವುದರಲ್ಲಿ ಮೊಟ್ಟೆಗಿಂತ ಜಿಡ್ಡಿನ ಬಗೆಯ ಪಾತ್ರ ದೊಡ್ಡದೆಂದು ತಿಳಿದದ್ದೇ ಇದಕ್ಕೆ ಕಾರಣ. ಅಂಗನವಾಡಿ ವಯಸ್ಸಿನ ಮಗುವಿಗೆ ಹಳದಿ ತೆಗೆದ ಮೊಟ್ಟೆ ಕೊಟ್ಟರೆ ಒಳ್ಳೆಯ ಪೋಷಕಾಂಶಗಳನ್ನೇ ಎಸೆದಂತಾಗುತ್ತದೆ. ಹೃದ್ರೋಗ ಅಥವಾ ಶುಗರ್ ಇರುವ ಹಿರಿಯರು ಎಷ್ಟು ತಿನ್ನಬಹುದೆಂದು ತಮ್ಮ ವೈದ್ಯರನ್ನು ಕೇಳುವುದು ಸರಿ.

ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ 17 ಮಾರ್ಗಸೂಚಿಗಳನ್ನು ಹೊರತಂದಿತು. 2,000 ಕ್ಯಾಲೊರಿಯ ದಿನಕ್ಕೆ ಅದು ಹೇಳುವ ಲೆಕ್ಕ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿ ಲೀಟರ್, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಇವೆಲ್ಲ ಹಸಿ ಪದಾರ್ಥದ ತೂಕ.

ಬಳ್ಳಾರಿಯ ಮುಂಜಾನೆಯ ಒಗ್ಗರಣಿ-ಮಿರ್ಚಿಯ ತಟ್ಟೆಯನ್ನು ಈ ಲೆಕ್ಕದಲ್ಲಿ ಇಟ್ಟು ನೋಡಬಹುದು. ನೆನೆಸಿ ಹಿಂಡಿದ ಮಂಡಕ್ಕಿ, ಈರುಳ್ಳಿ, ಪುಟಾಣಿ ಪುಡಿ, ನಿಂಬೆ ರಸ: ಇಲ್ಲಿಯವರೆಗೆ ಅದು ಹಗುರವಾದ ತಿಂಡಿ. ಒಗ್ಗರಣೆಗೆ ಬಿದ್ದ ಎಣ್ಣೆ ಒಬ್ಬರ ಪಾಲಿಗೆ 15 ಗ್ರಾಂ ಬಂದರೂ 135 ಕ್ಯಾಲೊರಿ ಆಯಿತು. ಪಕ್ಕದಲ್ಲಿ ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಎರಡು ಮಿರ್ಚಿ ಬಂದವೆಂದರೆ ದಿನದ ಎಣ್ಣೆಯ ಲೆಕ್ಕ ಬೆಳಗಿನಲ್ಲೇ ಮುಗಿಯುವ ಹಾದಿ. ದಿನವೂ ತಿನ್ನುವವರು ಮಿರ್ಚಿಯನ್ನು ವಾರಕ್ಕೊಮ್ಮೆ ಇಟ್ಟುಕೊಂಡು, ಉಳಿದ ದಿನ ಮಂಡಕ್ಕಿಗೆ ಮೊಳಕೆ ಹೆಸರು ಅಥವಾ ಒಂದು ಹಿಡಿ ಹುರಿದ ಶೇಂಗಾ ಸೇರಿಸಿದರೆ ರುಚಿಯೂ ಉಳಿಯುತ್ತದೆ, ಪ್ರೋಟೀನೂ ಸಿಗುತ್ತದೆ. ಶೇಂಗಾದ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಜೊತೆಗೆ 520 ಕ್ಯಾಲೊರಿಯೂ ಇರುವುದರಿಂದ ಹಿಡಿಯ ಲೆಕ್ಕ ಮೀರಬಾರದು.

ತೂಕ ಇಳಿಸುವುದು

ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ ಎನ್ನುತ್ತದೆ ಪೋಷಣ ಸಂಸ್ಥೆ; ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆಯ ಪಥ್ಯ ಬೇಡ ಎಂದೂ ಹೇಳುತ್ತದೆ. ಉಪವಾಸಕ್ಕೆ ದೇಹ ಕೊಡುವ ಉತ್ತರವನ್ನು ಆನ್ಸೆಲ್ ಕೀಸ್ ಅವರೇ 1944-45ರಲ್ಲಿ ಮಿನೆಸೋಟದಲ್ಲಿ 36 ಯುವಕರ ಮೇಲೆ ನಡೆಸಿದ ಪ್ರಯೋಗದಲ್ಲಿ ದಾಖಲಿಸಿದ್ದರು. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರ ದೇಹ ಶಕ್ತಿಯ ಖರ್ಚನ್ನೇ ತಗ್ಗಿಸಿಕೊಂಡಿತು. ಮನಸ್ಸು ಹಗಲಿರುಳೂ ಊಟದ ಸುತ್ತಲೇ ತಿರುಗಿತು. ಕಟ್ಟುನಿಟ್ಟಿನ ಪಥ್ಯ ಮುಗಿದ ಮೇಲೆ ತೂಕ ಮರಳುವುದನ್ನು ಮನೋಬಲದ ಸೋಲೆಂದು ಹಳಿಯುವುದು ಅನ್ಯಾಯ.

ತೂಕ ಇಳಿಯದಿದ್ದರೂ ಲಾಭ ಸಿಗಬಹುದು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಊಟದ ಬದಲಾವಣೆ ಮತ್ತು ನಡಿಗೆಯಿಂದ ಕಾಯಿಲೆಯ ಅಪಾಯ ಶೇ. 28.5 ತಗ್ಗಿತು, ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ನಡಿಗೆಗೆ ಸೂರ್ಯ ಏರುವ ಮುಂಚಿನ ಹೊತ್ತೇ ತಕ್ಕದ್ದು.

2025ರಲ್ಲಿ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಹಸಿವು ತಗ್ಗಿಸುವುದರಲ್ಲಿ ಇವು ಪರಿಣಾಮಕಾರಿ. ನಿಲ್ಲಿಸಿದರೆ ಬಹುಪಾಲು ಜನರಲ್ಲಿ ತೂಕ ಮರಳುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗಬಹುದು. ಸ್ನಾಯು ಮೊದಲೇ ಕಡಿಮೆ ಇರುವವರಿಗೆ ಇದು ಗಮನಿಸಬೇಕಾದ ವಿಷಯ. ವೈದ್ಯರ ನಿಗಾ ಇಲ್ಲದೆ ಇವನ್ನು ತೆಗೆದುಕೊಳ್ಳಬಾರದು.

ಊರಿನ ಮಟ್ಟದ ತಪಾಸಣೆ

30 ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ದೇಹಶ್ರಮ, ಮನೆತನದ ಕಾಯಿಲೆಗಳ ಜೊತೆ ಸೊಂಟದ ಸುತ್ತಳತೆಗೂ ಅಂಕವಿದೆ. ಹೆಂಗಸರಿಗೆ 80 ಸೆಂಟಿಮೀಟರ್‌ವರೆಗೆ ಸೊನ್ನೆ, 81ರಿಂದ 90ಕ್ಕೆ 1, ಅದಕ್ಕೂ ಮೀರಿದರೆ 2; ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ರ ಗಡಿಗಳಲ್ಲಿ. ಒಟ್ಟು ಅಂಕ 4 ಮೀರಿದವರನ್ನು ಬಿಪಿ, ಶುಗರ್ ಪರೀಕ್ಷೆಗೆ ಮೊದಲು ಕಳಿಸಬೇಕು.

ಮಕ್ಕಳ ಕಡೆಗೂ ಕೆಲಸ ನಡೆದಿದೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಉತ್ತರದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಬಳ್ಳಾರಿಯೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದರು. ಮೊಟ್ಟೆ ಕೊಟ್ಟ ಯಾದಗಿರಿಯ ಮತ್ತು ಕೊಡದ ಗದಗಿನ ಮಕ್ಕಳನ್ನು ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು.

ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಮತ್ತು ಸ್ನಾಯು ಕರಗುತ್ತಿರುವ ವೃದ್ಧರು ತಾವಾಗಿಯೇ ತೂಕ ಇಳಿಸಲು ಹೊರಡಬಾರದು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಊಟ ತಗ್ಗಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು; ಅವರ ಔಷಧಿಯ ಪ್ರಮಾಣ ಮೊದಲು ಬದಲಾಗಬೇಕು. ಪಥ್ಯವಿಲ್ಲದೆಯೇ ತಿಂಗಳುಗಳಲ್ಲಿ ತೂಕ ಇಳಿಯುತ್ತಾ ಬಂದರೆ, ಜೊತೆಗೆ ವಿಪರೀತ ಬಾಯಾರಿಕೆ, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಇದ್ದರೆ, ಶುಗರ್ ಮತ್ತು ಕಫದ ಪರೀಕ್ಷೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು.